ಹೊಳೆಯದ ನಾಲ್ಕು ಸಾವಿರ

ಕಳೆದ ಭಾನುವಾರ ಸಂಜೆ ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ಛಂದಸ್ಸಿಗೂ ಅಲಂಕಾರಕ್ಕೂ ಇರುವ ವ್ಯತ್ಯಾಸವನ್ನರಿಯದ ವಿದ್ಯಾರ್ಥಿಯೊಬ್ಬನಿಗೆ ಎಷ್ಟು ಅಂಕ ಕೊಟ್ಟರೆ ಅವನಿಗೂ ನನ್ನ ಆತ್ಮಸಾಕ್ಷಿಗೂ ಅನ್ಯಾಯವಾಗದು ಎಂದು ಯೋಚಿಸುತ್ತಿದ್ದಾಗ, ಅಕ್ಕನ ಮಗ ಬಂದು ಬಾಗಿಲಲ್ಲಿ ನಿಂತ. ನನ್ನ ಮೂವರು ಅಕ್ಕಂದಿರಲ್ಲಿ ಕೊನೆಯವಳ ಮಗ. ಹದಿಮೂರು ವರ್ಷದ ಹುಡುಗ. ಒಂದು ಕೈಯಲ್ಲಿ ಅವನ ಚಿಕ್ಕಪ್ಪ ಪರದೇಶದಿಂದ ತಂದುಕೊಟ್ಟ ಆಟದ ಯಂತ್ರ. ಇನ್ನೊಂದರಲ್ಲಿ ಇನ್ನೂರು ಪುಟದ ನೋಟುಪುಸ್ತಕ.

“ಮಾವ, ಲೆಕ್ಕ ತಪ್ಪಿಹೋಗಿದೆ” ಎಂದ.

“ಯಾವ ಲೆಕ್ಕವೋ?”

“ಇವತ್ತಿಗೆ ನಾಲ್ಕು ಸಾವಿರದ ತೊಂಬತ್ತಾರು ಆಯಿತು. ಆದರೂ ಬರಲೇ ಇಲ್ಲ.”

ನೋಟುಪುಸ್ತಕವನ್ನು ತೆರೆದು ನೋಡಿದೆ. ನಾಲ್ಕು ನೆಟ್ಟಗೆರೆ, ಅವುಗಳ ಮೇಲೊಂದು ಅಡ್ಡಗೆರೆ. ಹೀಗೆ ಐದೈದರ ಕಂತೆಗಳು ಪುಟದ ಮೇಲೆ ಪುಟವಾಗಿ ಸಾಲುಗಟ್ಟಿದ್ದುವು. ಒಂದೊಂದು ಗೆರೆಯೂ ಒಂದೊಂದು ನಿರಾಶೆ. ಗಂಟೆಗೆ ನಲವತ್ತರಂತೆ ಹಿಡಿದರೂ ನೂರು ಗಂಟೆಗಳಿಗೆ ಮೇಲ್ಪಟ್ಟ ದುಡಿಮೆ. ಈ ತಾಳ್ಮೆಯನ್ನು ಬೀಜಗಣಿತದ ಮೇಲೆ ತೋರಿದ್ದರೆ ಎಂದು ಅವನ ತಾಯಿ ಅನ್ನುವುದುಂಟು. ನಾನು ಹಾಗೆ ಅನ್ನಲಿಲ್ಲ. ಹುಡುಗನ ಕಣ್ಣಂಚಿನಲ್ಲಿ ನೀರಿತ್ತು. ಕರಾರನ್ನು ಮುರಿದವರ ಮುಂದೆ ಕಾಗದಪತ್ರ ಹಿಡಿದು ನಿಂತವನಂತೆ ಅವನು ನಿಂತಿದ್ದ.

ಈ ಪುಟವನ್ನು ಓದುವ ತಾಯಿತಂದೆಯರಲ್ಲಿ ಹಲವರ ಕಿವಿಯ ಮೇಲೆ ಪೋಕೆಮಾನ್ ಎಂಬ ಹೆಸರು ಮಕ್ಕಳ ಬಾಯಿಂದ ಬಿದ್ದೇ ಇರಬೇಕು. ಅರಿಯದವರಿಗಾಗಿ ಎರಡು ಮಾತು. ಜಪಾನಿನ ಟೋಕಿಯೋ ನಗರದ ಅಂಚಿನಲ್ಲಿರುವ ಮಚಿದಾ ಎಂಬ ಊರಿನಲ್ಲಿ ಬೆಳೆದ ಸತೋಶಿ ತಾಜಿರಿ ಎಂಬಾತನಿಗೆ ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವುದೆಂದರೆ ಪ್ರಾಣ. ನಗರ ಬೆಳೆಯಿತು, ಕೆರೆಗದ್ದೆಗಳು ಮುಚ್ಚಿಹೋದುವು, ಹುಳುಗಳು ಕಾಣದಾದುವು. ಹುಡುಕಿ ಹಿಡಿಯುವ ಆ ಸುಖವನ್ನು ಮುಂದಿನ ಮಕ್ಕಳಿಗೆ ಬೇರೊಂದು ರೂಪದಲ್ಲಿ ಕೊಡಬೇಕೆಂದು ಆತನೂ ಆತನ ಗೆಳೆಯರೂ ಗೇಮ್ ಫ್ರೀಕ್ ಎಂಬ ಸಂಸ್ಥೆಯಲ್ಲಿ ಹಲವು ವರ್ಷ ದುಡಿದು, ೧೯೯೬ರ ಫೆಬ್ರವರಿಯಲ್ಲಿ ನಿಂಟೆಂಡೊ ಕಂಪೆನಿಯ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರಕ್ಕಾಗಿ ಈ ಆಟವನ್ನು ಹೊರತಂದರು. ಹುಲ್ಲಿನಲ್ಲಿ ನಡೆದಾಡಬೇಕು, ಒಮ್ಮೆಗೇ ಒಂದು ವಿಚಿತ್ರ ಪ್ರಾಣಿ ಎದುರಾಗುತ್ತದೆ, ಅದನ್ನು ಬಳಲಿಸಿ, ಚೆಂಡೊಂದನ್ನೆಸೆದು ಸೆರೆಹಿಡಿಯಬೇಕು. ಮೊದಲ ಆಟದಲ್ಲಿದ್ದ ಪ್ರಾಣಿಜಾತಿಗಳು ೧೫೧.

ಆಗ ಒಂದು ಜಾತಿಯ ಪ್ರಾಣಿಗಳೆಲ್ಲ ನೋಟಕ್ಕೆ ಒಂದೇ ಅಚ್ಚಿನವು. ೧೯೯೯ರಲ್ಲಿ ಬಂದ ಗೋಲ್ಡ್, ಸಿಲ್ವರ್ ಎಂಬ ಜೋಡಿ ಆಟಗಳಲ್ಲಿ ಹೊಸ ಸಂಗತಿಯೊಂದು ಸೇರಿತು. ಅಲ್ಲಿ ಲೇಕ್ ಆಫ್ ರೇಜ್ ಎಂಬ ಸರೋವರವಿದೆ. ಅದರ ನಡುವೆ ಗ್ಯಾರಡೋಸ್ ಎಂಬ ಘಟಸರ್ಪವು, ಸಹಜವಾದ ನೀಲಿಯ ಬದಲು ಕೆಂಪುಬಣ್ಣ ತಳೆದು, ಆಡುವವರೆಲ್ಲರಿಗೂ ತಪ್ಪದೆ ಎದುರಾಗುತ್ತದೆ. ಹೀಗೂ ಇರುವುದುಂಟು ಎಂದು ತೋರಿಸಿ ಆಸೆ ಹುಟ್ಟಿಸುವ ಉಪಾಯವಿದು. ಉಳಿದ ಜಾತಿಗಳಲ್ಲಿ ಇಂಥ ಬೇರೆ ಬಣ್ಣದ ಪ್ರಾಣಿ ದೊರೆಯುವುದು ಕೇವಲ ಅದೃಷ್ಟ. ಎದುರಾದ ಕ್ಷಣದಲ್ಲಿ ಅದರ ಸುತ್ತ ಕಿಡಿಗಳು ಮಿನುಗುವುದರಿಂದ ಅದಕ್ಕೆ ಶೈನಿ ಎಂದು ಹೆಸರಾಯಿತು. ಮಿನುಗುವುದರಿಂದ ಅದರ ಬಲವೇನೂ ಹೆಚ್ಚುವುದಿಲ್ಲ. ನನ್ನ ಸೋದರಳಿಯ ನೂರು ಗಂಟೆ ಕಾದುದು ಡಯಾಲ್ಗಾ ಎಂಬ ಪ್ರಾಣಿಯ ನೀಲಿ ಮೈ ತುಸು ಹಸಿರಿಗೆ ತಿರುಗೀತೇ ಎಂದು! ಬಯಕೆ ದೊಡ್ಡದಾಗಲು ವಸ್ತು ದೊಡ್ಡದಾಗಿರಬೇಕಿಲ್ಲ, ಅಪರೂಪವಾದರೆ ಸಾಕು.

ಎಷ್ಟು ಅಪರೂಪ? ಗೋಲ್ಡ್ ಆಟದ ಲೆಕ್ಕ ಬಲು ಅಚ್ಚುಕಟ್ಟು. ಪ್ರತಿಯೊಂದು ಪ್ರಾಣಿಗೂ ಹುಟ್ಟಿನಲ್ಲೇ ನಾಲ್ಕು ಗುಪ್ತ ಅಂಕಗಳು ಒದಗುತ್ತವೆ: ಆಕ್ರಮಣ, ರಕ್ಷಣೆ, ವೇಗ, ವಿಶೇಷಶಕ್ತಿ. ಒಂದೊಂದೂ ಸೊನ್ನೆಯಿಂದ ಹದಿನೈದರವರೆಗೆ ಯಾವುದೂ ಆಗಬಹುದು. ಹದಿನಾರನ್ನು ನಾಲ್ಕು ಸಲ ಗುಣಿಸಿದರೆ ೬೫,೫೩೬ ಬಗೆಯ ಜಾತಕಗಳಾದುವಷ್ಟೆ? ರಕ್ಷಣೆ, ವೇಗ, ವಿಶೇಷಶಕ್ತಿಗಳು ಮೂರೂ ಸರಿಯಾಗಿ ಹತ್ತಾಗಿದ್ದು, ಆಕ್ರಮಣವು ನಿಗದಿಯಾದ ಎಂಟು ಅಂಕಗಳಲ್ಲಿ ಒಂದಾಗಿದ್ದರೆ ಮಾತ್ರ ಪ್ರಾಣಿ ಹೊಳೆಯುತ್ತದೆ. ಎಂದರೆ ೬೫,೫೩೬ ಜಾತಕಗಳಲ್ಲಿ ಎಂಟಕ್ಕೆ ಮಾತ್ರ ರಾಜಯೋಗ, ೮,೧೯೨ಕ್ಕೆ ಒಂದು. ಮುಂದಿನ ಆಟಗಳಲ್ಲಿ ಲೆಕ್ಕದ ರೀತಿ ಬದಲಾದರೂ ಪ್ರಮಾಣ ಬಹುಕಾಲ ಇದೇ ಉಳಿಯಿತು. ೨೦೧೩ರಲ್ಲಿ ಬಂದ ಎಕ್ಸ್, ವೈ ಎಂಬ ಆಟಗಳಲ್ಲಿ ಅದನ್ನು ಇಮ್ಮಡಿಗೊಳಿಸಿ ೪,೦೯೬ಕ್ಕೆ ಒಂದೆಂದು ಮಾಡಿದರು. ಹುಡುಗನ ಕೈಯಲ್ಲಿದ್ದ, ೨೦೨೧ರ ಬ್ರಿಲಿಯಂಟ್ ಡೈಮಂಡ್ ಎಂಬ ಆಟದಲ್ಲಿಯೂ ಅದೇ ಪ್ರಮಾಣ. ಡಯಾಲ್ಗಾದ ಮುಂದೆ ನಿಂತು ಆಟವನ್ನು ಉಳಿಸಿಡುವುದು, ಎದುರಾಗಿ ನೋಡುವುದು, ಹೊಳೆಯದಿದ್ದರೆ ಮುಚ್ಚಿ ಮತ್ತೆ ತೆರೆಯುವುದು, ಒಂದು ಗೆರೆ ಎಳೆಯುವುದು. ಇದೇ ಅವನ ವ್ರತ.

ವ್ರತ ಪೂರ್ಣವಾದ ದಿನ ಫಲ ಬರಲಿಲ್ಲ ಎಂಬುದೇ ಅವನ ದೂರು. ಜಗತ್ತಿನಾದ್ಯಂತ ಈ ಆಟವನ್ನಾಡುವವರ ಮೊದಲನೆಯ ಸಿದ್ಧಾಂತವೂ ಇದೇ. ೪,೦೯೬ಕ್ಕೆ ಒಂದು ಎಂದಮೇಲೆ ೪,೦೯೬ ಸಲ ನೋಡಿದವನಿಗೆ ಒಂದು ಬಾಕಿ ಸಲ್ಲಬೇಕು. ಸಲ್ಲದಿದ್ದರೆ ಯಂತ್ರವು ಸಾಲಗಾರ.

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ದಾಳವನ್ನು ಕೊಟ್ಟೆ. “ಆರು ಮುಖಗಳಿವೆ. ಆರು ಸಲ ಎಸೆದರೆ ಒಂದು ಸಲ ಆರು ಬೀಳಲೇಬೇಕೋ?” ಎಂದು ಕೇಳಿದೆ. ಎಸೆದ. ಮೊದಲ ಆರು ಎಸೆತಗಳಲ್ಲಿ ಎರಡು ಸಲ ಆರು ಬಿದ್ದಿತು. ಎರಡನೆಯ ಆರರಲ್ಲಿ ಒಂದೂ ಬೀಳಲಿಲ್ಲ. ಲೆಕ್ಕ ಹಾಕಿ ನೋಡಿದರೆ, ಆರು ಸಲ ಎಸೆದರೂ ಒಮ್ಮೆಯೂ ಆರು ಬೀಳದಿರುವ ಸಂಭವವು ನೂರಕ್ಕೆ ಮೂವತ್ತಮೂರಕ್ಕಿಂತ ತುಸು ಹೆಚ್ಚು. ೪,೦೯೬ ಮುಖಗಳ ದಾಳವನ್ನು ೪,೦೯೬ ಸಲ ಎಸೆದರೂ ಹಾಗೆಯೇ: ಇವನಂತೆ ನೂರು ಹುಡುಗರು ನೂರು ನೋಟುಪುಸ್ತಕಗಳನ್ನು ಹಿಡಿದು ಕುಳಿತರೆ, ಅವರಲ್ಲಿ ಸುಮಾರು ಮೂವತ್ತೇಳು ಮಂದಿ ಬರಿಗೈಯಲ್ಲಿ ಏಳುತ್ತಾರೆ. ೮,೧೯೨ ಗೆರೆಗಳನ್ನೆಳೆದರೂ ಹದಿಮೂರು ಹದಿನಾಲ್ಕು ಮಂದಿಗೆ ಅದು ಕಾಣದು. ೧೨,೨೮೮ ಗೆರೆಗಳಾದ ಮೇಲೂ ಐವರು ಉಳಿದೇ ಉಳಿಯುತ್ತಾರೆ.

“ಹಾಗಾದರೆ ನನಗೆ ಇನ್ನೆಷ್ಟು ಬೇಕು?” ಎಂದ ಹುಡುಗ.

“ಸರಾಸರಿಯಲ್ಲಿ ಇನ್ನೂ ೪,೦೯೬.”

“ಮೊದಲನೆಯ ದಿನವೂ ಅಷ್ಟೇ ಇತ್ತಲ್ಲ!”

ಅಷ್ಟೇ ಇತ್ತು. ಮುಂದೆಯೂ ಅಷ್ಟೇ ಇರುತ್ತದೆ. ನಾವು ಪಟ್ಟ ಪಾಡು ಯಂತ್ರದ ನೆನಪಿನಲ್ಲಿ ಉಳಿಯುವುದಿಲ್ಲ. ನೆನಪಿರುವುದು ನಮಗೆ ಮಾತ್ರ. ಇದನ್ನು ಹೇಳುವುದು ಸುಲಭ, ಒಪ್ಪಿಕೊಳ್ಳುವುದು ಕಷ್ಟ. ೧೯೧೩ರ ಆಗಸ್ಟ್ ೧೮ರಂದು ಮಾಂಟೆ ಕಾರ್ಲೋದ ಜೂಜುಮನೆಯಲ್ಲಿ ತಿರುಗುಚಕ್ರದ ಗುಂಡು ಒಂದೇ ಸಮನೆ ಇಪ್ಪತ್ತಾರು ಸಲ ಕಪ್ಪುಮನೆಯಲ್ಲೇ ಬಿದ್ದಿತು. ಇನ್ನು ಕೆಂಪು ಬರಲೇಬೇಕು, ಇನ್ನು ಬರಲೇಬೇಕು ಎಂದು ಸುತ್ತ ನಿಂತಿದ್ದ ದೊಡ್ಡಮನುಷ್ಯರು ಸಲಸಲಕ್ಕೂ ಪಣವನ್ನೇರಿಸುತ್ತ ಹೋಗಿ ಭಾರಿ ಹಣವನ್ನು ಕಳೆದುಕೊಂಡರು. ಅವರೊಡನೆ ಹೋಲಿಸಿದರೆ ನೋಟುಪುಸ್ತಕವೊಂದನ್ನು ಮಾತ್ರ ಪಣವಾಗಿಟ್ಟ ನನ್ನ ಸೋದರಳಿಯ ಜಾಣನೇ ಸರಿ.

ಎರಡನೆಯ ಬಗೆಯ ಸಿದ್ಧಾಂತ ಕೈಚಳಕಕ್ಕೆ ಸಂಬಂಧಿಸಿದ್ದು. ಚೆಂಡನ್ನೆಸೆದ ಮೇಲೆ ಅದು ನೆಲದ ಮೇಲೆ ಅಲುಗಾಡುತ್ತದೆ. ಪ್ರಾಣಿ ಒಳಗೆ ಉಳಿದೀತೋ ಹೊರಬಂದೀತೋ ಎಂಬ ಆ ಕೆಲವು ಕ್ಷಣ ಬಿ ಎಂಬ ಗುಂಡಿಯನ್ನು ಅದುಮಿ ಹಿಡಿದರೆ ತಪ್ಪಿಸಿಕೊಳ್ಳದು ಎಂಬ ನಂಬಿಕೆ ದೇಶದೇಶಗಳ ಶಾಲೆಯ ಅಂಗಳಗಳಲ್ಲಿ ಹಬ್ಬಿತ್ತು. ಕೆಳಮುಖದ ಗುಂಡಿಯನ್ನೂ ಒತ್ತಬೇಕೆಂದು ಒಂದು ಪಂಥ; ಚೆಂಡು ಅಲುಗಿದ ಹೊತ್ತಿಗೇ ತಾಳಕ್ಕೆ ಸರಿಯಾಗಿ ತಟ್ಟಬೇಕೆಂದು ಇನ್ನೊಂದು. ನಿಜವಾಗಿ, ಸೆರೆಯೋ ಬಿಡುಗಡೆಯೋ ಎಂಬುದನ್ನು ಯಂತ್ರವು ಎಣಿಸಿ ಮುಗಿಸಿದ ಮೇಲೆಯೇ ಚೆಂಡು ಅಲುಗುವುದು. ಅಲುಗಾಟ ಬರಿಯ ನಾಟಕ. ತೀರ್ಪು ಬರೆದಾದ ಮೇಲೆ ನ್ಯಾಯಾಧೀಶರ ಮುಂದೆ ಕೈಮುಗಿದಂತೆ ಈ ಗುಂಡಿಯೊತ್ತುವಿಕೆ.

ನಗುವ ಮುನ್ನ ಚೌಕಾಬಾರದ ಮನೆಯ ಮುಂದೆ ಕುಳಿತು, ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದು, ಬಾಯಿಂದ ಒಮ್ಮೆ ಊದಿ ಎಸೆದುದನ್ನು ನೆನೆಯಬೇಕು. ಊದಿದಾಗ ಎಂಟು ಬಿದ್ದುದು ನೆನಪಿರುತ್ತದೆ. ಊದಿಯೂ ಒಂದು ಬಿದ್ದುದು ಮರೆಯುತ್ತದೆ. ಮನುಷ್ಯರ ಮಾತಿರಲಿ, ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ೧೯೪೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಸಿದ ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗೊತ್ತಾದ ಅವಧಿಗೊಮ್ಮೆ ಕಾಳು ದೊರೆಯುವಂತೆ ಏರ್ಪಡಿಸಿದ. ಎಂಟರಲ್ಲಿ ಆರು ಹಕ್ಕಿಗಳು ಒಂದೊಂದು ಆಚಾರವನ್ನು ಕಲಿತುಕೊಂಡುವು. ಒಂದು ಗಿರಗಿರನೆ ಸುತ್ತಿತು. ಒಂದು ಮೂಲೆಗೆ ತಲೆಯೊಡ್ಡಿತು. ಕಾಳು ಬಿದ್ದಾಗ ತಾನು ಮಾಡುತ್ತಿದ್ದುದೇ ಕಾಳಿಗೆ ಕಾರಣವೆಂದು ಹಕ್ಕಿಯೂ ಬಗೆಯುತ್ತದೆ.

ಇಲ್ಲಿಗೆ ನಿಲ್ಲಿಸಿ, ಮೌಢ್ಯವನ್ನು ಖಂಡಿಸಿ, ಲೇಖನ ಮುಗಿಸಬಹುದಿತ್ತು. ಆದರೆ ಹುಡುಗನೊಡನೆ ಮಾತಾಡುತ್ತ ಹೋದಂತೆ, ಈ ಆಟದ ಚರಿತ್ರೆಯಲ್ಲಿ ಹುಚ್ಚೆಂದು ತೋರುವ ಮಾತುಗಳಲ್ಲಿ ಕೆಲವು ದಿಟವಾಗಿದ್ದುವೆಂಬುದು ತಿಳಿಯಬಂದಿತು.

೧೯೯೬ರ ಆಟದಲ್ಲಿ ನೂರಕ್ಕೆ ನೂರು ಗುರಿ ತಪ್ಪದವೆಂದು ಹೇಳಲಾದ ಏಟುಗಳಿದ್ದುವು. ಅವೂ ಎಂದಾದರೊಮ್ಮೆ ತಪ್ಪುತ್ತವೆ ಎಂದು ಮಕ್ಕಳು ದೂರುತ್ತಿದ್ದರು. ಕೈ ಸೋತವನ ನೆಪವೆಂದು ತೋರುವ ಮಾತು. ಆದರೆ ಯಂತ್ರವು ಸೊನ್ನೆಯಿಂದ ೨೫೫ರವರೆಗಿನ ಅಂಕಗಳಲ್ಲಿ ಒಂದನ್ನೆತ್ತಿ, ಅದು ೨೫೫ಕ್ಕಿಂತ ಕಡಿಮೆಯೇ ಎಂದು ನೋಡುತ್ತಿತ್ತು. ೨೫೫ ಬಂದರೆ ಕಡಿಮೆಯಲ್ಲವಷ್ಟೆ, ಏಟು ತಪ್ಪುತ್ತಿತ್ತು. ಬರೆದವರ ಕೈತಪ್ಪಿನಿಂದ ೨೫೬ಕ್ಕೆ ಒಂದು ಸಲ ಅಸಾಧ್ಯವೆಂದದ್ದು ಸಾಧ್ಯವಾಗಿತ್ತು. ಮಕ್ಕಳ ದೂರು ಸತ್ಯವಾಗಿತ್ತು.

೨೦೦೨ರ ರೂಬಿ, ಸಫೈರ್ ಎಂಬ ಆಟಗಳಲ್ಲಿ ಫೀಬಾಸ್ ಎಂಬ ಕುರೂಪಿ ಮೀನೊಂದಿದೆ. ಅದು ವಾಸಿಸುವುದು ಒಂದೇ ಹೊಳೆಯಲ್ಲಿ. ಆ ಹೊಳೆಯಲ್ಲಿ ಗಾಳ ಹಾಕಬಹುದಾದ ಚೌಕಗಳು ನಾನೂರಕ್ಕೆ ಮೇಲ್ಪಟ್ಟು. ಮೀನಿರುವುದು ಅವುಗಳಲ್ಲಿ ಆರರಲ್ಲಿ ಮಾತ್ರ. ಆ ಆರು ಯಾವುವೆಂಬುದನ್ನು ನಿರ್ಣಯಿಸುವುದು ಯಾವುದು ಬಲ್ಲಿರಾ? ದೂರದ ದ್ವೀಪವೊಂದರಲ್ಲಿ ಡ್ಯೂಫರ್ಡ್ ಎಂಬ ಹಳ್ಳಿಯಿದೆ. ಆ ಹಳ್ಳಿಯ ಜನರ ಬಾಯಲ್ಲಿ ಆಗ ಓಡಾಡುತ್ತಿರುವ ಎರಡು ಪದಗಳ ಒಂದು ನುಡಿ! ಆ ನುಡಿಯ ಪ್ರಚಾರ ಬದಲಾದರೆ ಹೊಳೆಯಲ್ಲಿ ಮೀನು ಜಾಗ ಬದಲಾಯಿಸುತ್ತದೆ. “ಹಳ್ಳಿಯವರ ಮಾತಿನಿಂದ ಹೊಳೆಯ ಮೀನು ಓಡಿಹೋಯಿತು” ಎಂದು ಯಾರಾದರೂ ನನ್ನ ಮುಂದೆ ಹೇಳಿದ್ದರೆ ನಾನು ಅವರನ್ನು ಪಾರಿವಾಳಗಳ ಸಾಲಿಗೆ ಸೇರಿಸುತ್ತಿದ್ದೆ. ಅದು ಅಕ್ಷರಶಃ ನಿಜ.

ಇನ್ನೊಂದು: ಆಟವನ್ನು ಮುಚ್ಚಿ ತೆರೆಯುವಾಗ ಪ್ರತಿಸಲವೂ ಬೇರೆಬೇರೆ ಹೊತ್ತಿಗೆ ಗುಂಡಿಯೊತ್ತಬೇಕು, ಇಲ್ಲವಾದರೆ ಹಳೆಯ ಪ್ರಾಣಿಯೇ ಮರಳಿ ಬರುತ್ತದೆ ಎಂಬುದೊಂದು ನಂಬಿಕೆ. ಸೋದರಳಿಯ ಇದನ್ನು ನಿಷ್ಠೆಯಿಂದ ಪಾಲಿಸುತ್ತಾನೆ. ೨೦೦೪ರ ಎಮರಾಲ್ಡ್ ಆಟದಲ್ಲಿ ಅದು ನಿಜವಾಗಿತ್ತು. ಯಂತ್ರಕ್ಕೆ ದಾಳವನ್ನೆಸೆಯಲು ಕೈಯೆಲ್ಲಿದೆ? ಅದು ಒಂದು ಅಂಕವನ್ನು ಹಿಡಿದು, ೧,೧೦,೩೫,೧೫,೨೪೫ರಿಂದ ಗುಣಿಸಿ, ೨೪,೬೯೧ನ್ನು ಕೂಡಿಸಿ, ಬಂದುದರ ಬಾಲವನ್ನಷ್ಟೆ ಉಳಿಸಿಕೊಂಡು ಅದನ್ನೇ ಅದೃಷ್ಟವೆಂದು ನಮ್ಮ ಮುಂದಿಡುತ್ತದೆ. ಮುಂದಿನ ಅದೃಷ್ಟ ಅದರಿಂದಲೇ ಹುಟ್ಟುತ್ತದೆ. ಮೊದಲ ಅಂಕ ಬೇರೆಯಾದರೆ ಸಾಲೆಲ್ಲ ಬೇರೆ. ಎಮರಾಲ್ಡಿನಲ್ಲಿ ಒಂದು ದೋಷದಿಂದಾಗಿ ಮೊದಲ ಅಂಕ ಯಾವಾಗಲೂ ಸೊನ್ನೆಯೇ ಆಗಿತ್ತು. ಆದುದರಿಂದ ತೆರೆದಾಗಲೆಲ್ಲ ಅದೇ ಸಾಲು ಅದೇ ಕ್ರಮದಲ್ಲಿ ಹರಿಯುತ್ತಿತ್ತು. ಒಂದೇ ಕ್ಷಣಕ್ಕೆ ಗುಂಡಿಯೊತ್ತಿದವನಿಗೆ ಒಂದೇ ಪ್ರಾಣಿ. ಇದನ್ನು ಪತ್ತೆಹಚ್ಚಿದ ಆಟಗಾರರು, ಇಷ್ಟನೆಯ ಕ್ಷಣದಲ್ಲಿ ಒತ್ತಿದರೆ ಹೊಳೆಯುವ ಪ್ರಾಣಿ ಎಂದು ಪಂಚಾಂಗದಂತೆ ಮೊದಲೇ ಗುಣಿಸಿ, ಗಡಿಯಾರ ಹಿಡಿದು ಕುಳಿತು ಪಡೆದರು. ಒಂದು ಆಟದಲ್ಲಿ ಶಾಸ್ತ್ರವಾಗಿದ್ದುದು ಇನ್ನೊಂದು ಆಟಕ್ಕೆ ಬಂದಾಗ ಬರಿಯ ಮಡಿಯಾಗಿ ಉಳಿಯಿತು.

ಎಲ್ಲಕ್ಕಿಂತ ಸೋಜಿಗವಾದುದು ಮ್ಯೂ ಎಂಬ ಪ್ರಾಣಿಯ ಕಥೆ. ಮೊದಲ ಆಟವು ಸಿದ್ಧವಾದ ಮೇಲೆ, ಪರೀಕ್ಷೆಯ ಸಾಧನಗಳನ್ನು ತೆಗೆದುಹಾಕಿದಾಗ ಸುಮಾರು ೩೦೦ ಬೈಟುಗಳಷ್ಟು ಜಾಗ ಉಳಿಯಿತು. ಶಿಗೆಕಿ ಮೊರಿಮೊಟೊ ಎಂಬ ತಂತ್ರಜ್ಞ ಆ ಬಿಲದಲ್ಲಿ ಮ್ಯೂವನ್ನು ಅಡಗಿಸಿಟ್ಟ. ೧೯೯೬ರಲ್ಲಿ ಕೊರೊಕೊರೊ ಎಂಬ ಮಕ್ಕಳ ಮಾಸಪತ್ರಿಕೆ ಇಪ್ಪತ್ತು ಮಂದಿಗೆ ಮ್ಯೂವನ್ನು ಕೊಡುವುದಾಗಿ ಸಾರಿದಾಗ ಬಂದ ಅರ್ಜಿಗಳು ೭೮,೦೦೦. ದೊರೆಯದವರಲ್ಲಿ ವದಂತಿಗಳು ಹುಟ್ಟುವುದು ಸಹಜ. ಆಟದ ರೇವುಪಟ್ಟಣದಲ್ಲಿ, ಹಡಗುಕಟ್ಟೆಯ ಮೂಲೆಯಲ್ಲಿ, ಯಾವ ಕೆಲಸಕ್ಕೂ ಬಾರದ ಲಾರಿಯೊಂದು ನಿಂತಿತ್ತು. ಅದನ್ನು ಬಲಶಾಲಿಯಾದ ಪ್ರಾಣಿಯಿಂದ ತಳ್ಳಿಸಿದರೆ ಅಡಿಯಲ್ಲಿ ಮ್ಯೂ ಸಿಗುತ್ತದೆ ಎಂಬ ಮಾತು ಲೋಕವನ್ನೆಲ್ಲ ಸುತ್ತಿತು. ಲಾರಿ ಕದಲಲಿಲ್ಲ, ಅದರಡಿಯಲ್ಲಿ ಏನೂ ಇರಲಿಲ್ಲ. ಆದರೆ ೨೦೦೩ರಲ್ಲಿ ಬೇರೆಯೇ ದಾರಿಯೊಂದು ಬೆಳಕಿಗೆ ಬಂದಿತು. ದೂರದ ಎದುರಾಳಿಯ ಕಣ್ಣಿಗೆ ಬಿದ್ದ ಕ್ಷಣದಲ್ಲೇ ಆ ಜಾಗದಿಂದ ಮಾಯವಾಗಿ, ಬೇರೊಬ್ಬ ಹುಡುಗನೊಡನೆ ಕಾದಾಡಿ ಹಿಂದಿರುಗಿದರೆ, ಯಂತ್ರದ ಲೆಕ್ಕ ಗಲಿಬಿಲಿಗೊಂಡು ಮ್ಯೂ ಎದುರಿಗೆ ಬಂದು ನಿಲ್ಲುತ್ತದೆ! ಲಾರಿಯ ಕಥೆಗಿಂತ ಇದು ನೂರುಪಾಲು ನಂಬಲಸಾಧ್ಯ; ಆದರೆ ಮಾಡಿದವರೆಲ್ಲರಿಗೂ ಫಲಿಸಿತು. ಮುಂದೆ ೨೦೦೪ರಲ್ಲಿ ಅದೇ ಆಟವನ್ನು ಹೊಸದಾಗಿ ರೂಪಿಸಿದಾಗ, ಲಾರಿಯ ಬಳಿ ತಿನಿಸೊಂದನ್ನು ಅಡಗಿಸಿಟ್ಟರು. ಎಂದೋ ನಿರಾಶರಾಗಿ ಹಿಂದಿರುಗಿದ ಮಕ್ಕಳಿಗೆ ಸಮಾಧಾನವೆಂದು ನಾನು ಭಾವಿಸುತ್ತೇನೆ.

ಹಾಗಾದರೆ ಮೌಢ್ಯಕ್ಕೂ ತಿಳಿವಿಗೂ ಇರುವ ವ್ಯತ್ಯಾಸವಾವುದು? ಮಾತಿನ ವಿಚಿತ್ರತೆಯಿಂದ ಅದನ್ನು ನಿರ್ಣಯಿಸುವಂತಿಲ್ಲ ಎಂಬುದಂತೂ ಸ್ಪಷ್ಟವಾಯಿತು. ಬಿ ಗುಂಡಿಯ ಮಾತಿಗಿಂತ ಫೀಬಾಸಿನ ಮಾತು ಹೆಚ್ಚು ವಿಚಿತ್ರ. ನನಗೆ ತೋರುವ ಮಟ್ಟಿಗೆ ವ್ಯತ್ಯಾಸವಿರುವುದು ನೋಟುಪುಸ್ತಕದಲ್ಲಿ. ಗುಂಡಿಯೊತ್ತಿದವರು ಪ್ರಾಣಿ ಸಿಕ್ಕಿದುದನ್ನು ಸಾರಿದರು, ಸಿಕ್ಕದುದನ್ನು ಬರೆದಿಡಲಿಲ್ಲ. ಹೊಳೆಯ ಗುಟ್ಟನ್ನು ಬಿಡಿಸಿದವರು ಚೌಕಚೌಕಕ್ಕೂ ಗಾಳ ಹಾಕಿ, ಇಲ್ಲಿ ಇಲ್ಲ, ಇಲ್ಲಿ ಇಲ್ಲ ಎಂದು ಗುರುತು ಮಾಡುತ್ತ ಹೋದರು. ಅವರಿಗೆ ಮೀನನ್ನು ತೋರಿಸಿದುದು ಮೀನಿಲ್ಲದ ನೂರಾರು ಚೌಕಗಳು.

೨೦೧೬ರಲ್ಲಿ ಪೋಕೆಮಾನ್ ಗೋ ಎಂಬ ಫೋನಿನ ಆಟ ಹೊರಟು, ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೂ ಬಂದಿತು. ೨೦೧೭ರಲ್ಲಿ ಹೊಳೆಯುವ ಪ್ರಾಣಿಗಳು ಅದರಲ್ಲಿ ಕಾಣಿಸಿಕೊಂಡಾಗ ಅವುಗಳ ಪ್ರಮಾಣವೆಷ್ಟೆಂದು ಕಂಪೆನಿ ಬಾಯಿಬಿಡಲಿಲ್ಲ. ಮುಂಜಾನೆ ಹೆಚ್ಚು, ಮಳೆಯಲ್ಲಿ ಹೆಚ್ಚು, ಹೊಸಬರಿಗೆ ಹೆಚ್ಚು ಎಂದು ಬಾಯಿಗೆ ಬಂದಂತೆ ಸಿದ್ಧಾಂತಗಳು ಹೊರಟುವು. ಒಂದೇ ಮರದಡಿಯಲ್ಲಿ ನಿಂತ ಇಬ್ಬರು ಗೆಳೆಯರು ಒಂದೇ ಪ್ರಾಣಿಯನ್ನು ಮುಟ್ಟಿದರೆ ಒಬ್ಬನಿಗೆ ಹೊಳೆಯುತ್ತಿತ್ತು, ಮತ್ತೊಬ್ಬನಿಗೆ ಹೊಳೆಯುತ್ತಿರಲಿಲ್ಲ; ಪ್ರತಿಯೊಬ್ಬನ ಪಾಲಿಗೂ ದಾಳ ಬೇರೆಯಾಗಿ ಬೀಳುತ್ತಿತ್ತು. ಆಗ ಸಿಲ್ಫ್ ರೋಡ್ ಎಂಬ ಆಟಗಾರರ ಬಳಗವೊಂದು, ತಾವು ಕಂಡ ಪ್ರಾಣಿಗಳನ್ನೆಲ್ಲ, ಹೊಳೆದುದನ್ನೂ ಹೊಳೆಯದುದನ್ನೂ, ಎಣಿಸಿ ಒಂದೆಡೆ ಕೂಡಿಸಿತು. ಸಾಮಾನ್ಯ ದಿನಗಳಲ್ಲಿ ಸುಮಾರು ೫೦೦ಕ್ಕೆ ಒಂದು, ತಿಂಗಳಿಗೊಮ್ಮೆ ಬರುವ ಉತ್ಸವದ ದಿನದಲ್ಲಿ ೨೫ಕ್ಕೆ ಒಂದು ಎಂಬ ಪ್ರಮಾಣ ಆ ರಾಶಿಯಿಂದ ಮೂಡಿತು. ಆ ಬಳಗ ೨೦೨೩ರಲ್ಲಿ ಮುಚ್ಚಿಹೋಯಿತು. ಒಬ್ಬೊಬ್ಬನ ನಿರಾಶೆಯೂ ಒಂದು ಗೆರೆಯಾಗಿ ಸೇರಿದಾಗ ಎಲ್ಲರಿಗೂ ತಿಳಿವಾಯಿತು.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಜೂಜಿನಲ್ಲಿ ಸರ್ವಸ್ವವನ್ನೂ ಸೋತ ನಳನಿಗೆ ಋತುಪರ್ಣರಾಜ ಅಕ್ಷಹೃದಯವನ್ನು ಉಪದೇಶಿಸಿದ ಸಂದರ್ಭ ವನಪರ್ವದಲ್ಲಿ ಬರುತ್ತದೆ. ದಾಳದ ಮರ್ಮವನ್ನು ಬಲ್ಲವನೆಂಬುದಕ್ಕೆ ಆ ರಾಜನು ತೋರಿದ ಗುರುತು ಮಂತ್ರವಲ್ಲ, ಲೆಕ್ಕ. ದಾರಿಯ ತಾರೆಮರದ ಎಲೆಕಾಯಿಗಳ ಸಂಖ್ಯೆಯನ್ನು ಅವನು ನೋಡಿದೊಡನೆ ಹೇಳಿದ. ನಳನೋ ರಥವನ್ನು ನಿಲ್ಲಿಸಿ, ಮರವನ್ನುರುಳಿಸಿ ಎಣಿಸಿಯೇ ನೋಡಿದ. ಕಲಿ ಅವನ ಮೈಯನ್ನು ಬಿಟ್ಟುಹೋದುದು ಆ ವಿದ್ಯೆಯನ್ನು ಪಡೆದ ಮೇಲೆ.

ಇಷ್ಟು ದೂರ ಬಂದ ಮೇಲೆ ನನ್ನ ಸ್ವಂತದ್ದೊಂದನ್ನು ಹೇಳದಿರುವುದು ಸರಿಯಾಗದು. ನನಗೆ ಮೂವರು ಅಕ್ಕಂದಿರೆಂದೆನಲ್ಲವೇ? ಮೂರೂ ಹೆಣ್ಣಾದ ಮೇಲೆ ನಾಲ್ಕನೆಯದು ಗಂಡಾಗಲೇಬೇಕು ಎಂಬುದು ನಮ್ಮೂರಿನ ಸಿದ್ಧಾಂತ. ಹಾಗೆಯೇ ನಾನು ಹುಟ್ಟಿದೆ. ಊರವರ ಪಾಲಿಗೆ ನಾನೊಂದು ಸಾಕ್ಷಿಯಾದೆ. ಎದುರುಮನೆಯಾಕೆಗೂ ಆಗ ಮೂರು ಹೆಣ್ಣುಮಕ್ಕಳು. ನನ್ನನ್ನು ಅವರ ಮಡಿಲಲ್ಲಿ ಕೂರಿಸಿ, “ನೋಡು, ಇವನಿಲ್ಲವೇ? ನಿನಗೂ ಆಗುತ್ತದೆ” ಎಂದರಂತೆ. ನಾಲ್ಕನೆಯದೂ ಹೆಣ್ಣಾಯಿತು. ಹಾಗಿದ್ದಮೇಲೆ ಐದನೆಯದು ಖಂಡಿತ ಎಂದರು. ಐದನೆಯ ಬಾಣಂತನದಲ್ಲಿ ಆಕೆ ತೀರಿಕೊಂಡರು. ಆ ಮಗುವೂ ಹೆಣ್ಣೇ.

ನಾನು ಬೆಳೆದು ದೊಡ್ಡವನಾಗುವವರೆಗೂ ಊರಿನಲ್ಲಿ ನನ್ನ ಉದಾಹರಣೆಯನ್ನು ಎಷ್ಟೋ ಮನೆಗಳಲ್ಲಿ ಎತ್ತಿ ಹೇಳಿದುದನ್ನು ಕೇಳಿದ್ದೇನೆ. ಎದುರುಮನೆಯ ಉದಾಹರಣೆಯನ್ನು ಯಾರೂ ಎತ್ತಲಿಲ್ಲ. ದುಷ್ಟತನದಿಂದಲ್ಲ, ಅದು ಯಾರ ಲೆಕ್ಕದ ಪುಸ್ತಕದಲ್ಲೂ ಗೆರೆಯಾಗಿ ಸೇರಿರಲಿಲ್ಲ, ಅಷ್ಟೆ. ನಾಲ್ಕನೆಯ ಸಲಕ್ಕೂ ಸಂಭವ ಮೊದಲನೆಯ ಸಲದಷ್ಟೇ ಎಂದು ಆಕೆಗೆ ಹೇಳಬಲ್ಲವರು ಇರಲಿಲ್ಲ. ಇದ್ದಿದ್ದರೂ, ಕಣ್ಣಮುಂದೆ ಆಡುತ್ತಿದ್ದ ನನ್ನನ್ನು ಬಿಟ್ಟು ಅವರ ಮಾತನ್ನು ನಂಬುವವರು ಯಾರು?

ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ. ಅವನ ನೋಟುಪುಸ್ತಕ ಅಮೂಲ್ಯವೆಂದು ಮಾತ್ರ ಹೇಳಿದೆ. ಗುಂಡಿಯನ್ನು ಬೇರೆಬೇರೆ ಹೊತ್ತಿಗೆ ಒತ್ತುವ ಅವನ ವ್ರತವನ್ನು ಇನ್ನು ಮೇಲೆ ಒಂದು ದಿನ ಪಾಲಿಸಿ, ಒಂದು ದಿನ ಬಿಟ್ಟು, ಎರಡಕ್ಕೂ ಬೇರೆ ಪುಟಗಳನ್ನು ಇಡುವುದೆಂದೂ, ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೂಡದೆಂದೂ ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ಅರ್ಧ ಗಂಟೆಯ ಷರತ್ತು ಅವನ ತಾಯಿಯದು.

“ಈವರೆಗೆ ಎಳೆದ ಗೆರೆಗಳೆಲ್ಲ ದಂಡವೇ?” ಎಂದು ಕೇಳಿದ.

ಉತ್ತರಪತ್ರಿಕೆಗಳಿಗೆಂದು ಇಟ್ಟುಕೊಂಡಿದ್ದ ಕೆಂಪು ಲೇಖನಿಯನ್ನೆತ್ತಿಕೊಂಡು, ಕೊನೆಯ ಗೆರೆಯ ಕೆಳಗೆ ‘೪,೦೯೬, ಹೊಳೆದುದು ೦’ ಎಂದು ಬರೆದು, ಪರೀಕ್ಷೆಯ ಮೇಲ್ವಿಚಾರಕನಂತೆ ರುಜು ಹಾಕಿ ತಾರೀಖು ನಮೂದಿಸಿದೆ. ಹುಡುಗ ಅದನ್ನು ಬಹಳ ಹೊತ್ತು ನೋಡಿದ. ಮುಖ ತುಸು ತಿಳಿಯಾಯಿತು. ಪುಟವನ್ನು ತಿರುವಿ, ಹೊಸ ಹಾಳೆಯ ನಡುವೆ ಅಳತೆಪಟ್ಟಿಯಿಂದ ಉದ್ದಗೆರೆಯೊಂದನ್ನೆಳೆದುಕೊಂಡು ಎದ್ದುಹೋದ. ನಾನು ಛಂದಸ್ಸನ್ನರಿಯದ ವಿದ್ಯಾರ್ಥಿಯ ಕಡೆಗೆ ತಿರುಗಿದೆ.